ಬಿಟಿ ಹೊಡೆಯುವ ಮುಂಚೆ ಪಕ್ಕದ ಹೊಲ ನೋಡಿ: ಮಂಡ್ಯ, ಮೈಸೂರು ರೈತರಿಗೆ ಒಂದು ಮಾರ್ಗದರ್ಶಿ

ಗೊಬ್ಬರದ ಅಂಗಡಿಯಲ್ಲಿ "ಬಿಟಿ ಕೊಡಿ" ಅಂದರೆ ಎರಡು ಬೇರೆ ಬೇರೆ ಸಾಮಾನು ಕೈಗೆ ಬರಬಹುದು. ಒಂದು, ನೀರಿಗೆ ಕಲಸಿ ಸಿಂಪಡಿಸುವ ಪುಡಿ ಅಥವಾ ದ್ರವ. ಇನ್ನೊಂದು, ಹತ್ತಿ ಬೀಜದ ಪ್ಯಾಕೆಟ್. ಎರಡರ ಮೂಲವೂ ಒಂದೇ. ಮಣ್ಣಿನಲ್ಲಿ ಬದುಕುವ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಅನ್ನುವ ಬ್ಯಾಕ್ಟೀರಿಯಾ. ಪುಡಿಯಲ್ಲಿ ಆ ಬ್ಯಾಕ್ಟೀರಿಯಾವೇ ಇರುತ್ತದೆ. ಬೀಜದಲ್ಲಿ ಇರುವುದು ಅದರ ಒಂದೆರಡು ಜೀನ್ ಮಾತ್ರ. ಬಳಸುವ ರೀತಿ ಬೇರೆ, ಕೆಡುವ ರೀತಿಯೂ ಬೇರೆ. ಮೊದಲು ಸಿಂಪಡಿಸುವ ಬಿಟಿಯನ್ನು ನೋಡೋಣ, ಬೀಜದ ವಿಷಯಕ್ಕೆ ಆಮೇಲೆ ಬರೋಣ.

ನಮ್ಮ ಕಡೆಯವರು ಬೇರೆ ಏನು ಮರೆತರೂ ಪರವಾಗಿಲ್ಲ, ಇದೊಂದು ಮರೆಯಬಾರದು. ಬಿಟಿ ರೇಷ್ಮೆ ಹುಳುವನ್ನೂ ಕೊಲ್ಲುತ್ತದೆ. ಈ ಬ್ಯಾಕ್ಟೀರಿಯಾ ಮೊದಲು ಸಿಕ್ಕಿದ್ದೇ ರೇಷ್ಮೆ ಹುಳುವಿನಲ್ಲಿ. 1901ರಲ್ಲಿ ಜಪಾನಿನ ಇಶಿವಾಟಾ ಅನ್ನುವ ವಿಜ್ಞಾನಿ, ಹುಳುಗಳು ಇದ್ದಕ್ಕಿದ್ದಂತೆ ಸಾಯುವುದು ಯಾಕೆ ಅಂತ ಹುಡುಕುವಾಗ ಇದನ್ನು ಕಂಡರು. 1911ರಲ್ಲಿ ಜರ್ಮನಿಯ ಬರ್ಲಿನರ್ ಹಿಟ್ಟಿನ ಪತಂಗದ ಮರಿಹುಳುವಿನಲ್ಲಿ ಇದನ್ನೇ ಕಂಡು ಈಗಿನ ಹೆಸರು ಕೊಟ್ಟರು. ರೇಷ್ಮೆ ಸಾಕದ ಕಡೆಯವರಿಗೆ ಇದು ಬರೀ ಕೀಟನಾಶಕ. ಮಳವಳ್ಳಿ, ಮದ್ದೂರು, ತಿ. ನರಸೀಪುರದ ಕಡೆ ಒಂದೇ ಬದುವಿನ ಈ ಪಕ್ಕ ಟೊಮ್ಯಾಟೊ, ಆ ಪಕ್ಕ ಹಿಪ್ಪುನೇರಳೆ ಇರುತ್ತದೆ. ಇಲ್ಲಿ ಲೆಕ್ಕವೇ ಬೇರೆ.

ಹುಳು ಸಾಯುವುದು ಹೇಗೆ

ಇದನ್ನು ತಿಳಿದುಕೊಂಡರೆ ಮುಂದಿನ ಹೆಜ್ಜೆಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಬ್ಯಾಕ್ಟೀರಿಯಾ ಬೀಜಕ ಕಟ್ಟುವ ಹೊತ್ತಿಗೆ ಪಕ್ಕದಲ್ಲೇ ಒಂದು ಪ್ರೋಟೀನಿನ ಹರಳು ಮಾಡಿಕೊಳ್ಳುತ್ತದೆ. ಎಲೆಯ ಜೊತೆ ಈ ಹರಳು ಮರಿಹುಳುವಿನ ಹೊಟ್ಟೆ ಸೇರಬೇಕು. ಎಲೆ ತಿನ್ನುವ ಮರಿಹುಳುಗಳ ಕರುಳು ತುಂಬಾ ಕ್ಷಾರ. ಅಲ್ಲಿ ಹರಳು ಕರಗುತ್ತದೆ, ಹುಳುವಿನ ಜೀರ್ಣರಸವೇ ಅದನ್ನು ಕತ್ತರಿಸಿ ವಿಷವಾಗಿಸುತ್ತದೆ. ಆ ವಿಷ ಕರುಳಿನ ಗೋಡೆಗೆ ಅಂಟಿಕೊಂಡು ತೂತು ಮಾಡುತ್ತದೆ. ಬೀಗಕ್ಕೆ ತಕ್ಕ ಕೀಲಿಯಂತೆ, ಸರಿಯಾದ ಜಾಗ ಸಿಕ್ಕರೆ ಮಾತ್ರ ಅಂಟುತ್ತದೆ. ಮನುಷ್ಯರ, ದನಗಳ ಹೊಟ್ಟೆ ಹುಳಿ. ಅಂಟಿಕೊಳ್ಳುವ ಜಾಗವೂ ನಮ್ಮಲ್ಲಿ ಇಲ್ಲ. ಹಾಗಾಗಿ ನಮಗೆ ತೊಂದರೆ ಇಲ್ಲ. ಜೇನಿಗೂ ಇಲ್ಲ.

ಇದರಿಂದ ಮೂರು ಮಾತು ತಾನಾಗಿ ಹೊರಡುತ್ತವೆ. ಮೈಮೇಲೆ ಬಿದ್ದರೆ ಹುಳು ಸಾಯುವುದಿಲ್ಲ, ತಿನ್ನಲೇಬೇಕು. ಒಂದೊಂದು ತಳಿಯ ಬಿಟಿ ಒಂದೊಂದು ಗುಂಪಿನ ಕೀಟಕ್ಕೆ ಮಾತ್ರ. ಮತ್ತೆ, ಹುಳು ಕೆಲವು ಗಂಟೆಗಳಲ್ಲಿ ತಿನ್ನುವುದು ಬಿಡುತ್ತದೆ, ಆದರೆ ಸಾಯಲು ಎರಡು ಮೂರು ದಿನ ಹಿಡಿಯುತ್ತದೆ. ಈ ಮೂರನೇ ಮಾತು ಗೊತ್ತಿಲ್ಲದೆ "ಬೆಳಿಗ್ಗೆ ನೋಡಿದ್ರೆ ಹುಳ ಹಂಗೇ ಅವೆ ಕಣಣ್ಣ" ಅಂತ ಅಂಗಡಿಗೆ ಓಡಿ, ಅದರ ಮೇಲೆ ಇನ್ನೊಂದು ರಾಸಾಯನಿಕ ಹೊಡೆದು ದುಡ್ಡು ಕಳೆದುಕೊಳ್ಳುವವರು ಜಾಸ್ತಿ.

ಮೊದಲ ಹೆಜ್ಜೆ: ಯಾವ ಹುಳು ಅಂತ ನೋಡಿ

ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು ಕುರ್ಸ್ಟಾಕಿ ತಳಿ. ಇದು ಪತಂಗ, ಚಿಟ್ಟೆಗಳ ಮರಿಹುಳುಗಳಿಗೆ ಮಾತ್ರ. ಎಲೆಕೋಸು, ಹೂಕೋಸಿನ ವಜ್ರಬೆನ್ನಿನ ಪತಂಗದ ಹುಳುವಿಗೆ ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ. ಹರಳು ಗಿಡದ ಕೊಂಡ್ಲಿ ಹುಳುವಿಗೂ ಸರಿ. ಅವರೆ, ತೊಗರಿ, ಟೊಮ್ಯಾಟೊ ಕಾಯಿಕೊರಕಕ್ಕೆ, ಹುಳು ಇನ್ನೂ ಕಾಯಿಯ ಹೊರಗಿದ್ದರೆ ಆಗುತ್ತದೆ. ಮೆಕ್ಕೆಜೋಳದ ಸೈನಿಕ ಹುಳುವಿಗೆ ಚಿಕ್ಕದರಲ್ಲಿ ಆಗುತ್ತದೆ. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಸಸಿಮಡಿಗೆ ಬರುವ ಎಲೆ ತಿನ್ನುವ ಹುಳುವಿಗೆ ಕುರ್ಸ್ಟಾಕಿ ಅಷ್ಟೊಂದು ತಾಗುವುದಿಲ್ಲ. ಆ ಜಾತಿಯ ಹುಳುಗಳಿಗೆ ಐಜಾವಾಯ್ ಅನ್ನುವ ಇನ್ನೊಂದು ತಳಿ ವಾಸಿ.

ಆಗದೇ ಇರುವ ಪಟ್ಟಿ ಇದಕ್ಕಿಂತ ಉದ್ದ. ರಸ ಹೀರುವ ಹೇನು, ಬಿಳಿನೊಣ, ಜಿಗಿಹುಳು, ಥ್ರಿಪ್ಸ್ ಇವಕ್ಕೆ ಬಿಟಿ ಹೊಡೆದರೆ ನೀರು ಹೊಡೆದ ಹಾಗೆ. ಅವು ಎಲೆ ಕಚ್ಚಿ ತಿನ್ನುವುದಿಲ್ಲ, ಒಳಗಿನ ರಸ ಹೀರುತ್ತವೆ. ತೆಂಗಿನ ಸುಳಿ ಕೊರೆಯುವ ಕುರುವಾಯಿ ದುಂಬಿಗೂ ಕುರ್ಸ್ಟಾಕಿ ಆಗುವುದಿಲ್ಲ. ಕಬ್ಬಿನ, ಭತ್ತದ ಕಾಂಡಕೊರಕ ಒಳಗೆ ಸೇರಿಬಿಟ್ಟಿರುತ್ತದೆ, ಸಿಂಪರಣೆ ಅಲ್ಲಿಗೆ ಮುಟ್ಟುವುದಿಲ್ಲ. ಕಬ್ಬಿಗೆ, ಕೊರಕದ ಮೊಟ್ಟೆಯನ್ನೇ ನಾಶ ಮಾಡುವ ಟ್ರೈಕೊಗ್ರಾಮ ಪರತಂತ್ರ ಜೀವಿಯ ಕಾರ್ಡು ಕಟ್ಟುವುದು ಒಳ್ಳೆಯದು.

ಯಾವ ಹುಳು ಅಂತ ಅನುಮಾನ ಬಂದರೆ ಎಲೆ ಸಮೇತ ಒಂದು ಡಬ್ಬಿಗೆ ಹಾಕಿಕೊಂಡು ಹೋಗಿ. ಮಂಡ್ಯದವರಿಗೆ ವಿ.ಸಿ. ಫಾರಂ, ನಂಜನಗೂಡು ಕಡೆಯವರಿಗೆ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರ, ಇಲ್ಲವಾದರೆ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರ. ಮೊಬೈಲಿನ ಮಸುಕಾದ ಫೋಟೋಗಿಂತ ಹುಳುವೇ ಮೇಲು.

ಎರಡನೇ ಹೆಜ್ಜೆ: ಸುತ್ತ ನೋಡಿ, ನೆರೆಯವರನ್ನು ಕೇಳಿ

ಬದುವಿನಾಚೆ ಹಿಪ್ಪುನೇರಳೆ ಇದ್ದರೆ ನನ್ನ ಮಾತು ಸೀದಾ: ಬಿಟಿ ಬೇಡ. "ಸಾವಯವ ಅಲ್ವಾ, ಏನಾಗುತ್ತೆ" ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ರೇಷ್ಮೆ ಹುಳುವೂ ಪತಂಗದ ಮರಿಹುಳುವೇ, ಅದರ ಕರುಳೂ ಕ್ಷಾರವೇ. ಗಾಳಿಯಲ್ಲಿ ಹಾರಿ ಬಂದ ಹನಿ ಬಿದ್ದ ಸೊಪ್ಪು ಚಾಕಿ ಹುಳುವಿಗೆ, ಅಂದರೆ ಎಳೆಯ ರೇಷ್ಮೆ ಹುಳುವಿಗೆ, ಹೋದರೆ ಒಂದು ಬೆಳೆಯೇ ಹೋಗಬಹುದು. ತಿನ್ನುವುದು ನಿಲ್ಲಿಸಿ, ಅಲ್ಲಾಡದೆ ಮಲಗಿ, ಆಮೇಲೆ ಮೆತ್ತಗಾಗಿ ಕಪ್ಪಾಗುವ ಹುಳುಗಳನ್ನು ನೋಡಿ ಸಪ್ಪೆ ರೋಗ ಅಂದುಕೊಳ್ಳುವುದೂ ಉಂಟು. ಕಾರಣ ಪಕ್ಕದ ಕೋಸಿನ ಹೊಲದಲ್ಲಿ ಇದ್ದಿರಬಹುದು.

ಹಿಪ್ಪುನೇರಳೆಗೇ ಎಲೆ ಸುತ್ತುವ ಹುಳು ಬಂದಾಗ "ಇದಕ್ಕೂ ಬಿಟಿ ಹೊಡೆದರೆ ಹೇಗೆ" ಅನ್ನುವ ಆಸೆ ಬರಬಹುದು. ಖಂಡಿತ ಬೇಡ. ಸುತ್ತಿದ ಕುಡಿ ಚಿವುಟಿ ಸುಡಿ, ರೇಷ್ಮೆ ಇಲಾಖೆಯವರನ್ನು ಅಥವಾ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಯವರನ್ನು ಕೇಳಿ. ಬಿಟಿ ಬದಲು ಬವೇರಿಯಾ ಶಿಲೀಂಧ್ರ ಹೊಡೆಯೋಣ ಅಂದರೂ ಅದೇ ಕಥೆ. ರೇಷ್ಮೆ ಹುಳುವಿಗೆ ಸುಣ್ಣಕಟ್ಟು ರೋಗ ತರುವುದು ಅದೇ ಶಿಲೀಂಧ್ರ.

ಹಿಪ್ಪುನೇರಳೆ ದೂರ ಇದ್ದರೂ ಗಾಳಿ ಆ ಕಡೆ ಬೀಸುವಾಗ ಹೊಡೆಯಬೇಡಿ. ಇನ್ನೊಂದನ್ನು ಯಾರೂ ಯೋಚಿಸುವುದಿಲ್ಲ: ಊರಲ್ಲಿ ಪಂಪು ಕೈಯಿಂದ ಕೈಗೆ ಓಡಾಡುತ್ತದೆ. ಬಿಟಿ ಹೊಡೆದ ಪಂಪನ್ನು ಹಿಪ್ಪುನೇರಳೆಗೆ ಕೊಡಬೇಡಿ, ತೊಳೆದಿದ್ದರೂ. ಸಿಂಪಡಿಸಿದ ಬಟ್ಟೆಯಲ್ಲೇ ಹುಳು ಸಾಕುವ ಮನೆಯೊಳಗೆ ಹೋಗಬೇಡಿ.

ಮೂರನೇ ಹೆಜ್ಜೆ: ಕೊಳ್ಳುವುದು

ಪ್ಯಾಕೆಟ್ ಮೇಲೆ ನೋಂದಣಿ ಸಂಖ್ಯೆ, ತಯಾರಾದ ದಿನ, ಮುಗಿಯುವ ದಿನ, ತಳಿಯ ಹೆಸರು ಇರಬೇಕು. ಬಿಲ್ ಕೇಳಿ. ಅಂಗಡಿಯ ಮುಂದೆ ಬಿಸಿಲಿಗೆ ಜೋಡಿಸಿಟ್ಟ ಪ್ಯಾಕೆಟ್ ಬೇಡ. ಒಳಗಿನ ತಣ್ಣನೆ ಕಪಾಟಿನದು ಕೊಡಿ ಅನ್ನಿ, ನಾಚಿಕೆ ಏನೂ ಬೇಡ. 0.5 ಪರ್ಸೆಂಟ್ ಪುಡಿ, 5 ಪರ್ಸೆಂಟ್ ಪುಡಿ, 3.5 ಪರ್ಸೆಂಟ್ ದ್ರವ ಹೀಗೆ ಬೇರೆ ಬೇರೆ ಸಿಗುವುದರಿಂದ ಪ್ರಮಾಣವೂ ಬೇರೆ. ಪಕ್ಕದ ಮನೆಯವರು ಎಷ್ಟು ಹಾಕಿದರು ಅನ್ನುವುದನ್ನಲ್ಲ, ನಿಮ್ಮ ಪ್ಯಾಕೆಟ್ ಏನು ಹೇಳುತ್ತದೆ ಅನ್ನುವುದನ್ನು ನೋಡಿ. "ಜೈವಿಕ, ಒಂದೇ ಗಂಟೆಯಲ್ಲಿ ಎಲ್ಲಾ ಹುಳು ಉದುರುತ್ತೆ" ಅಂತ ಮಾರುವ ಬಾಟಲಿಯಲ್ಲಿ ಜೈವಿಕ ಇರುವುದು ಲೇಬಲ್ಲಿನಲ್ಲಿ ಮಾತ್ರ. ಬಿಟಿ ಅಷ್ಟು ಬೇಗ ಕೊಲ್ಲುವುದಿಲ್ಲ ಅಂತ ಈಗ ನಿಮಗೆ ಗೊತ್ತಲ್ಲ.

ಅರ್ಧ ಪ್ಯಾಕೆಟ್ ತಂದು ಬೆಲ್ಲದ ನೀರಿನಲ್ಲಿ ಹಾಕಿ ಡ್ರಮ್ಮಿನಲ್ಲಿ ಬೆಳೆಸಿಕೊಳ್ಳಬಹುದು ಅನ್ನುವ ಸಲಹೆ ಕೂಡ ಓಡಾಡುತ್ತಿದೆ. ಜೀವಾಮೃತ ಮಾಡಿದ ಕೈಗೆ ಇದು ಸುಲಭ ಅನಿಸುತ್ತದೆ. ಆದರೆ ತೆರೆದ ಡ್ರಮ್ಮಿನಲ್ಲಿ ಬೆಳೆಯುವುದು ಬಿಟಿಯೇ ಅಂತ ಹೇಳುವವರು ಯಾರು? ಬಿಟಿಯ ಹತ್ತಿರದ ಸಂಬಂಧಿ ಬ್ಯಾಸಿಲಸ್ ಸೀರಿಯಸ್ ಊಟ ಕೆಡಿಸಿ ವಾಂತಿ ಭೇದಿ ತರುವ ಬ್ಯಾಕ್ಟೀರಿಯಾ. ಅದನ್ನು ಸೊಪ್ಪು ತರಕಾರಿ ಮೇಲೆ ಹೊಡೆಯುವುದು ಯಾರಿಗೂ ಒಳ್ಳೆಯದಲ್ಲ.

ನಾಲ್ಕನೇ ಹೆಜ್ಜೆ: ಹೊತ್ತು ಹಿಡಿಯುವುದು

ಬಿಟಿಯಲ್ಲಿ ಗೆಲ್ಲುವುದೂ ಸೋಲುವುದೂ ಇಲ್ಲೇ. ಹುಳು ಚಿಕ್ಕದಿರಬೇಕು. ಮೊಟ್ಟೆಯಿಂದ ಈಗಷ್ಟೇ ಬಂದ ಹುಳುವಿಗೆ ಸ್ವಲ್ಪ ವಿಷ ಸಾಕು, ಕಿರುಬೆರಳ ಗಾತ್ರ ಬಂದದ್ದಕ್ಕೆ ಎಷ್ಟು ಹೊಡೆದರೂ ಅಷ್ಟಕ್ಕಷ್ಟೆ.

ಮೆಕ್ಕೆಜೋಳವನ್ನೇ ತೆಗೆದುಕೊಳ್ಳಿ. ಫಾಲ್ ಆರ್ಮಿವರ್ಮ್ ಅನ್ನುವ ಈ ಸೈನಿಕ ಹುಳು ನಮ್ಮ ದೇಶದಲ್ಲಿ ಮೊದಲು ಕಂಡಿದ್ದು 2018ರಲ್ಲಿ, ಅದೂ ಕರ್ನಾಟಕದಲ್ಲೇ. ಬಿತ್ತಿ ಹತ್ತು ಹನ್ನೆರಡು ದಿನ ಆದ ಮೇಲೆ ವಾರಕ್ಕೆ ಎರಡು ಸಲ ಬೆಳಿಗ್ಗೆ ಹೊಲದೊಳಗೆ ನಡೆಯಿರಿ. ಬದುವಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಐದು ಕಡೆ ನಿಂತು, ಒಂದೊಂದು ಕಡೆ ಇಪ್ಪತ್ತು ಗಿಡದ ಸುಳಿ ಬಿಡಿಸಿ ನೋಡಿ. ಮರಿಗಳು ಎಲೆಯ ಹಸಿರನ್ನು ಮಾತ್ರ ಕೆರೆಯುತ್ತವೆ. ತೆಳ್ಳಗಿನ ಬಿಳಿ ಪೊರೆ ಉಳಿದಿರುತ್ತದೆ. ನೂರು ಗಿಡದಲ್ಲಿ ಐದರಲ್ಲಿ ಈ ಗುರುತು ಕಂಡರೆ ಅದೇ ಸರಿಯಾದ ಹೊತ್ತು. ಎಲೆಯಲ್ಲಿ ಸಾಲಾಗಿ ತೂತು ಬಿದ್ದು, ಸುಳಿಯಲ್ಲಿ ಮರದ ಪುಡಿಯಂಥ ಹಿಕ್ಕೆ ತುಂಬಿದ್ದರೆ ಹುಳು ದೊಡ್ಡದಾಗಿದೆ. ಆಗ ಬಿಟಿಗೆ ದುಡ್ಡು ಹಾಕಬೇಡಿ, ಬೇರೆ ದಾರಿ ಕೇಳಿ.

ಈ ಹುಳುವಿಗೆ ಸಾಮಾನ್ಯವಾಗಿ ಹೇಳುವ ಪ್ರಮಾಣ ಲೀಟರಿಗೆ 2 ಗ್ರಾಂ, ಎಕರೆಗೆ 400 ಗ್ರಾಂ. ಅಂದರೆ 200 ಲೀಟರ್ ನೀರು. 16 ಲೀಟರಿನ ಪಂಪಿಗೆ 32 ಗ್ರಾಂ, ಎಕರೆಗೆ ಹನ್ನೆರಡು ಹದಿಮೂರು ಪಂಪು. ಮೇಲಿಂದ ಮೇಲೆ ಚಿಮುಕಿಸುವುದಲ್ಲ, ನಾಜಲ್ ಸುಳಿಯ ಮೇಲೇ ಹಿಡಿಯಬೇಕು. ಹುಳು ತಿನ್ನುವ ಜಾಗ ಅದು.

ಕೋಸಿನಲ್ಲಿ ಹುಳು ಎಲೆಯ ಅಡಿಯಲ್ಲಿ ಇರುತ್ತದೆ. ಬೆಂಗಳೂರಿನ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಹೇಳಿಕೊಟ್ಟ ಒಂದು ಉಪಾಯ ಬಿಟಿ ಜೊತೆ ಚೆನ್ನಾಗಿ ಹೊಂದುತ್ತದೆ. ಪ್ರತಿ 25 ಸಾಲು ಕೋಸಿಗೆ ಎರಡು ಸಾಲು ಸಾಸಿವೆ. ಒಂದು ಸಾಲು ಕೋಸು ನಾಟಿಗೆ 15 ದಿನ ಮುಂಚೆ, ಇನ್ನೊಂದು ನಾಟಿ ಆದ 25 ದಿನಕ್ಕೆ. ಪತಂಗಗಳು ಸಾಸಿವೆಗೆ ಹೋಗಿ ಮೊಟ್ಟೆ ಇಡುತ್ತವೆ. ಕೋಸಿಗೆ ಹೊಡೆಯುವ ಕೆಲಸ ಕಡಿಮೆಯಾಗುತ್ತದೆ.

ಅವರೆಯಲ್ಲಿ ಹೂ ಬಿಡುವಾಗಲೇ ಕಣ್ಣಿಡಿ. ಕಾಯೊಳಗೆ ಹುಳು ತೂರಿದ ಮೇಲೆ ಸೊಗಡಿನ ಅವರೆ ನಿಮ್ಮದಲ್ಲ, ಅದರದು.

ಐದನೇ ಹೆಜ್ಜೆ: ಕಲಸುವುದು, ಹೊಡೆಯುವುದು

ಬೇಕಾದಷ್ಟು ಪುಡಿಯನ್ನು ಚೊಂಬಿನಷ್ಟು ನೀರಿನಲ್ಲಿ ಗಂಟಿಲ್ಲದಂತೆ ಕದಡಿ, ಬಟ್ಟೆಯಲ್ಲಿ ಸೋಸಿ, ಅರ್ಧ ತುಂಬಿದ ಪಂಪಿಗೆ ಹಾಕಿ, ಮೇಲೆ ನೀರು ತುಂಬಿ. ಅಂಟು ದ್ರಾವಣ ಸ್ವಲ್ಪ ಸೇರಿಸಿ. ಕೋಸಿನ ಎಲೆಯ ಮೇಲೆ ನೀರು ನಿಲ್ಲುವುದಿಲ್ಲವಾದ್ದರಿಂದ ಅಲ್ಲಿ ಇದು ಬೇಕೇ ಬೇಕು. ನಡುನಡುವೆ ಪಂಪು ಅಲ್ಲಾಡಿಸಿ, ಪುಡಿ ತಳ ಹಿಡಿಯುತ್ತದೆ.

ನೀರಿನ ಬಗ್ಗೆ ಎರಡು ಮಾತು. ಹರಳು ಕರಗುವುದು ಕ್ಷಾರದಲ್ಲಿ ಅಂತ ಮೇಲೆ ಹೇಳಿದೆ. ಅದು ಹುಳುವಿನ ಹೊಟ್ಟೆಯಲ್ಲಿ ಕರಗಬೇಕು, ನಿಮ್ಮ ಪಂಪಿನಲ್ಲಲ್ಲ. ಗಡಸು ಬೋರ್ ನೀರಿನ ಪಿಎಚ್ (ಹುಳಿ, ಕ್ಷಾರದ ಅಳತೆ) 8 ದಾಟಿದ್ದರೆ ಅದು ಬೇಡ. ಪಿಎಚ್ ಕಾಗದ ಅಗ್ಗಕ್ಕೇ ಸಿಗುತ್ತದೆ, ಒಮ್ಮೆ ಅದ್ದಿ ನೋಡಿ. ನಾಲೆ ನೀರು ಸಿಕ್ಕರೆ ಅದನ್ನು ಬಳಸಿ. ಇಲ್ಲವೇ ಒಂದಿಷ್ಟು ನಿಂಬೆರಸ ಹಾಕಿ ಮತ್ತೆ ಅಳೆಯಿರಿ. ಸುಣ್ಣ ಇರುವ ಬೋರ್ಡೋ ದ್ರಾವಣ, ತಾಮ್ರದ ಔಷಧಿ, ಬ್ಯಾಕ್ಟೀರಿಯಾ ಕೊಲ್ಲುವ ಸ್ಟ್ರೆಪ್ಟೋಸೈಕ್ಲಿನ್ ಥರದ್ದನ್ನು ಇದರ ಜೊತೆ ಬೆರೆಸಬಾರದು. ಬೇವಿನ ಕಷಾಯ? ಅದು ಹುಳುವಿಗೆ ತಿನ್ನಲು ಮನಸ್ಸಿಲ್ಲದಂತೆ ಮಾಡುತ್ತದೆ. ಬಿಟಿಗೆ ಹುಳು ತಿನ್ನಬೇಕು. ಅದಕ್ಕೇ ಎರಡನ್ನೂ ಬೇರೆ ಬೇರೆ ದಿನ ಹೊಡೆಯುವುದು ವಾಸಿ ಅಂತ ನನ್ನ ಲೆಕ್ಕ.

ಹೊಡೆಯುವುದು ಸಂಜೆ. ಬಿಸಿಲಿನ ಅತಿನೇರಳೆ ಕಿರಣಕ್ಕೆ ಬಿಟಿ ಬೇಗ ಸಾಯುತ್ತದೆ. ಸಂಜೆ ಹೊಡೆದರೆ ರಾತ್ರಿಯಿಡೀ ಎಲೆ ಮೇಲೆ ಜೀವಂತ ಇರುತ್ತದೆ. ಎಷ್ಟೋ ಹುಳುಗಳು ತಿನ್ನುವುದೂ ರಾತ್ರಿಯೇ. ಮೋಡ ಕಟ್ಟಿ ಸೋನೆ ಬರುವ ಲಕ್ಷಣ ಇದ್ದರೆ ನಿಲ್ಲಿಸಿ, ಮಳೆಗೆ ತೊಳೆದುಹೋಗುತ್ತದೆ. ಮೂಗು, ಕಣ್ಣು ಮುಚ್ಚಿಕೊಳ್ಳಿ. ವಿಷ ಅಲ್ಲದಿದ್ದರೂ ಪುಡಿ ಕಣ್ಣಿಗೆ ಬಿದ್ದರೆ ಉರಿಯುತ್ತದೆ. ಕಲಸಿದ್ದನ್ನು ಅಂದೇ ಮುಗಿಸಿ. ಉಳಿದ ಪುಡಿಯನ್ನು ಬಾಯಿ ಬಿಗಿಯಾಗಿ ಕಟ್ಟಿ ತಣ್ಣಗಿನ, ಒಣ ಜಾಗದಲ್ಲಿಡಿ. ಪಂಪ್‌ಹೌಸಿನ ತಗಡಿನ ಕೆಳಗೆ ಇಟ್ಟರೆ ಮುಂದಿನ ಸಲಕ್ಕೆ ಬರುವುದಿಲ್ಲ.

ಮೂರು ದಿನ ಬಿಟ್ಟು ನೋಡಿ

ಮೊದಲ ದಿನ ನೋಡಬೇಕಾದ್ದು ಹುಳು ಸತ್ತಿದೆಯೇ ಅಂತಲ್ಲ, ಹೊಸ ಹಿಕ್ಕೆ ಬೀಳುತ್ತಿದೆಯೇ ಅಂತ. ಹಿಕ್ಕೆ ನಿಂತರೆ ತಿನ್ನುವುದು ನಿಂತಿದೆ, ನಿಮ್ಮ ಕೆಲಸ ಆಗಿದೆ. ಮೂರನೇ ದಿನ ಮೆತ್ತಗಾದ, ಕಪ್ಪಾದ ಹುಳುಗಳು ಕಾಣುತ್ತವೆ. ಎಲೆ ಮೇಲಿನ ಬಿಟಿ ಕೆಲವೇ ದಿನದಲ್ಲಿ ಬಲ ಕಳೆದುಕೊಳ್ಳುವುದರಿಂದ, ಪತಂಗ ಮೊಟ್ಟೆ ಇಡುತ್ತಲೇ ಇದ್ದರೆ 7ರಿಂದ 10 ದಿನಕ್ಕೆ ಇನ್ನೊಮ್ಮೆ ಬೇಕಾಗುತ್ತದೆ.

ಆದರೆ ಬೆಳೆ ಪೂರ್ತಿ ಬಿಟಿಯನ್ನೇ ಹೊಡೆಯುತ್ತಾ ಹೋಗಬೇಡಿ. ಹವಾಯಿಯ ಕೋಸಿನ ಜಾತಿಯ ತೋಟಗಳಲ್ಲಿ ಹೀಗೆ ಮಾಡಿದ್ದಕ್ಕೆ ವಜ್ರಬೆನ್ನಿನ ಪತಂಗ ಬಿಟಿ ಸಿಂಪರಣೆಗೇ ಒಗ್ಗಿಕೊಂಡಿತು ಅಂತ 1990ರಲ್ಲೇ ವರದಿಯಾಗಿದೆ. ಒಂದೆರಡು ಸಲ ಬಿಟಿ, ನಡುವೆ ಬೇವು ಅಥವಾ ಬೇರೆ ಬಗೆಯ ಔಷಧಿ, ಹೀಗೆ ಬದಲಾಯಿಸುತ್ತಾ ಇರಿ.

ಕಬ್ಬಿನ ಗೊಣ್ಣೆ ಹುಳುವಿಗೆ ಬೇರೊಂದು ಬ್ಯಾಕ್ಟೀರಿಯಾ

ಮಂಡ್ಯದಲ್ಲಿ ಕಬ್ಬಿನ ಮಾತು ಬಿಟ್ಟರೆ ಬೈಸಿಕೊಳ್ಳಬೇಕಾದೀತು. ಬೇರು ತಿನ್ನುವ ಗೊಣ್ಣೆ ಹುಳು ದುಂಬಿಯ ಮರಿ, ಅದಕ್ಕೆ ಈ ಬಿಟಿ ಆಗುವುದಿಲ್ಲ. ಆದರೆ ಹೆಟೆರೊರಾಬ್ಡೈಟಿಸ್ ಅನ್ನುವ ಕಣ್ಣಿಗೆ ಕಾಣದಷ್ಟು ಸಣ್ಣ ಜಂತುಹುಳು ಇದೆ. ಅದರ ಹೊಟ್ಟೆಯಲ್ಲಿ ಫೋಟೊರಾಬ್ಡಸ್ ಅನ್ನುವ ಬ್ಯಾಕ್ಟೀರಿಯಾ ವಾಸ. ಜಂತು ಮಣ್ಣಿನಲ್ಲಿ ಗೊಣ್ಣೆ ಹುಳುವನ್ನು ಹುಡುಕಿ ಒಳಗೆ ನುಗ್ಗಿ ಬ್ಯಾಕ್ಟೀರಿಯಾವನ್ನು ಬಿಡುತ್ತದೆ. ಎರಡು ದಿನದಲ್ಲಿ ಹುಳು ಸಾಯುತ್ತದೆ. ಸತ್ತದ್ದು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ, ಗಾಢ ಕತ್ತಲಲ್ಲಿ ತುಸು ಹೊಳೆಯುತ್ತದೆ ಕೂಡ. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಇದನ್ನು ಪುಡಿ ರೂಪಕ್ಕೆ ತಂದಿದೆ.

ಮುಂಗಾರಿನ ಮೊದಲ ಮಳೆಗಳಿಗೆ ದುಂಬಿ ಎದ್ದು ಬೇವಿನ ಮರಕ್ಕೆ ಬರುತ್ತದೆ. ಆಗ ಸಂಜೆ ಮರ ಅಲ್ಲಾಡಿಸಿ ಹಿಡಿಯುವುದು ಮೊದಲ ಕೆಲಸ. ಆಮೇಲೆ ಮರಿ ಚಿಕ್ಕದಿರುವಾಗ, ಮಣ್ಣು ಹಸಿ ಇರುವಾಗ, ಬಿಸಿಲಿಳಿದ ಮೇಲೆ ಬುಡಕ್ಕೆ ಜಂತಿನ ಪುಡಿ ಕೊಡಿ. ಒಣ ಮಣ್ಣಿನಲ್ಲಿ ಜಂತು ಸತ್ತೇಹೋಗುತ್ತದೆ.

ಬೀಜದೊಳಗಿನ ಬಿಟಿ: ಎಚ್.ಡಿ. ಕೋಟೆಯ ಹತ್ತಿಯವರಿಗೆ

ಬ್ಯಾಕ್ಟೀರಿಯಾದ ಹರಳು ಮಾಡುವ ಜೀನನ್ನೇ ಗಿಡಕ್ಕೆ ಸೇರಿಸಿದರೆ ಗಿಡವೇ ಆ ಪ್ರೋಟೀನ್ ಮಾಡಿಕೊಳ್ಳುತ್ತದೆ. 1987ರಲ್ಲಿ ಬೆಲ್ಜಿಯಂನವರು ಹೊಗೆಸೊಪ್ಪಿನ ಗಿಡದಲ್ಲಿ ಇದನ್ನು ಮಾಡಿ ತೋರಿಸಿದರು. ನಮ್ಮಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕಿದ್ದು 2002ರಲ್ಲಿ, ಒಂದು ಜೀನಿನದು. 2006ರಲ್ಲಿ ಎರಡು ಜೀನಿನದು ಬಂತು. ಬಿಟಿ ಬದನೆಗೆ 2010ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ತಡೆ ಹಾಕಿತು. ಹಾಗಾಗಿ ಈರನಗೆರೆ ಬದನೆ ಬೆಳೆಯುವವರಿಗೆ ಯಾರಾದರೂ "ಬಿಟಿ ಬದನೆ ಬೀಜ" ಅಂತ ಕೊಟ್ಟರೆ ಮುಟ್ಟಬೇಡಿ. ಕಾಯಿಕೊರಕ ಹೊಕ್ಕು ಕುಡಿ ಬಾಡಿದ ತಕ್ಷಣ ಚಿವುಟಿ ನಾಶ ಮಾಡಿ, ಹೆಣ್ಣು ಪತಂಗದ ವಾಸನೆಯಿಂದ ಗಂಡನ್ನು ಸೆಳೆಯುವ ಮೋಹಕ ಬಲೆ ಹಾಕಿ.

ಬಿಟಿ ಹತ್ತಿಯಲ್ಲಿ ಪ್ರೋಟೀನ್ ಗಿಡದೊಳಗೇ ಇರುತ್ತದೆ, ಸಿಂಪರಣೆಯಂತೆ ಗಾಳಿಗೆ ಹಾರುವುದಿಲ್ಲ. ಹತ್ತಿಯ ಪರಾಗವೂ ಅಂಟು ಅಂಟು, ಭಾರ. ಆ ಮಟ್ಟಿಗೆ ಪಕ್ಕದ ರೇಷ್ಮೆಯವರು ನಿಶ್ಚಿಂತೆಯಿಂದ ಇರಬಹುದು. ತೊಂದರೆ ಇರುವುದು ಗುಲಾಬಿ ಕಾಯಿಕೊರಕದಲ್ಲಿ. ಅದು ಎರಡೂ ಜೀನಿಗೆ ಒಗ್ಗಿಕೊಂಡುಬಿಟ್ಟಿದೆ. ಪ್ಯಾಕೆಟ್ಟಿನಲ್ಲಿ ಬಿಟಿ ಅಲ್ಲದ ಬೀಜವನ್ನೂ ಸ್ವಲ್ಪ ಸೇರಿಸಿರುವುದು ಇದೇ ಕಾರಣಕ್ಕೆ. ಬಿಟಿಗೆ ಒಗ್ಗದ ಹುಳುಗಳೂ ಉಳಿದು, ಒಗ್ಗಿದವುಗಳ ಜೊತೆ ಕೂಡಲಿ ಅಂತ. ಹಿಂದೆ ಈ ಬೀಜ ಬೇರೆ ಚಿಕ್ಕ ಪ್ಯಾಕೆಟ್ಟಿನಲ್ಲಿ ಬರುತ್ತಿತ್ತು. ಎಷ್ಟೋ ಜನ ಬಿಸಾಡುತ್ತಿದ್ದರು. ಈಗ ಬೆರೆಸಿಯೇ ಕೊಡುತ್ತಾರೆ. ಆರಿಸಿ ತೆಗೆಯಲು ಹೋಗಬೇಡಿ.

ಬಿಟಿ ಹತ್ತಿಯ ಮೇಲೆ ಬಿಟಿ ಪುಡಿ ಹೊಡೆಯುವುದು ಸುಮ್ನೆ ಖರ್ಚು. ಅದೇ ಬಗೆಯ ವಿಷಕ್ಕೆ ಹುಳುವನ್ನು ಇನ್ನಷ್ಟು ಒಗ್ಗಿಸಿದಂತೆ. ಜಿಗಿಹುಳು, ಹೇನಿಗೆ ಬಿಟಿ ಹತ್ತಿಯಲ್ಲಿ ಯಾವ ರಕ್ಷಣೆಯೂ ಇಲ್ಲ, ಅದನ್ನು ಬೇರೆಯೇ ನೋಡಿಕೊಳ್ಳಬೇಕು. ಬಿತ್ತಿದ 45 ದಿನಕ್ಕೆ ಎಕರೆಗೆ 2 ಮೋಹಕ ಬಲೆ ಕಟ್ಟಿ. ಸತತ ಮೂರು ದಿನ ಒಂದು ಬಲೆಗೆ ದಿನಕ್ಕೆ 8 ಪತಂಗ ಬಿದ್ದರೆ ಕೃಷಿ ಇಲಾಖೆಯವರನ್ನು ಕೇಳಿ ಮುಂದುವರಿಯಿರಿ. ಅರಳದೆ ಗುಲಾಬಿಯಂತೆ ಮುದುಡಿಕೊಂಡ ಹೂ ಕಂಡರೆ ಕಿತ್ತು ಒಳಗಿನ ಹುಳು ಸಮೇತ ನಾಶ ಮಾಡಿ.

ಕೊನೆಯ ಬಿಡಿಸುವಿಕೆ ಆದ ಮೇಲೆ "ಇನ್ನೊಂದು ಮಳೆ ಬಂದರೆ ನಾಲ್ಕು ಕಾಯಿ ಸಿಗುತ್ತೆ" ಅಂತ ಗಿಡ ನಿಲ್ಲಿಸಬೇಡಿ. ಮರಿಹುಳು ಒಣಗಿದ ಕಾಯಲ್ಲಿ, ಬೀಜದೊಳಗೆ ಮುಂದಿನ ಹಂಗಾಮಿನ ತನಕ ಸುಮ್ಮನೆ ಮಲಗಿರಬಲ್ಲದು. ಕುರಿ ಮೇಯಿಸಿ ಉಳಿದ ಕಾಯಿ ಖಾಲಿ ಮಾಡಿಸಿ, ಕಡ್ಡಿಯನ್ನು ಕಿತ್ತು ಯಂತ್ರದಲ್ಲಿ ಪುಡಿ ಮಾಡಿಸಿ ಗೊಬ್ಬರದ ಗುಂಡಿಗೆ ಹಾಕಿ. ಉರುವಲಿಗೆ ಅಂತ ಹಿತ್ತಲಲ್ಲಿ ಪೇರಿಸುವುದಾದರೆ ಮುಂದಿನ ಬಿತ್ತನೆಗೆ ಮುಂಚೆಯೇ ಉರಿಸಿ ಮುಗಿಸಿ.